ಮೂರು ನಿಮಿಷದ ತಟ್ಟೆ, ಮುಗಿಯದ ತಂಬೂರಿ: ನಮ್ಮ ನೆಲದ ಎಲೆಕ್ಟ್ರಾನಿಕ್ ಸಂಗೀತದ ಕಥೆ

ವಿಡಿಯೊ ನೋಡೋದಕ್ಕಿಂತ ಓದೋದೇ ಇಷ್ಟ ಅನ್ನೋರಿಗಾಗಿ ಈ ಸಲದ ಮಾತುಕತೆಯ ಬರಹ ರೂಪ ಇಲ್ಲಿದೆ.

ಇವತ್ತಿನ ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಹಾಡಿಲ್ಲ, ಮಾತಿಲ್ಲ, ಕೆಲವು ಸಲ ತಾಳವೂ ಇಲ್ಲ. ಬರೀ ಎಲೆಕ್ಟ್ರಾನಿಕ್ ನಾದ. ಅದೂ ಇಪ್ಪತ್ತು ನಿಮಿಷ, ಅರ್ಧ ಗಂಟೆ, ಒಂದು ಗಂಟೆ. ಇಂಥ ಸಂಗೀತವನ್ನ ಯಾರು ಕಟ್ತಾರೆ, ಹೇಗೆ ಕಟ್ತಾರೆ, ನಮ್ಮ ದೇಶದಲ್ಲಿ ಯಾರಾದ್ರೂ ಇದನ್ನ ಮಾಡಿದ್ದಾರಾ? "ಇದೆಲ್ಲ ಜರ್ಮನಿ, ಅಮೆರಿಕದವರ ಕಸರತ್ತು, ನಮಗೂ ಇದಕ್ಕೂ ಏನು ಸಂಬಂಧ" ಅಂತ ಕೇಳೋರು ಬಹಳ ಜನ ಇದ್ದಾರೆ. ನನ್ನ ವಾದ ಬೇರೆ. ಯಂತ್ರ ಹೊರಗಿನಿಂದ ಬಂತು, ನಿಜ. ಆದರೆ ಆ ಉದ್ದ, ಒಂದೇ ಸ್ವರದ ಮೇಲೆ ಕೂತು ಕಾಯುವ ಆ ತಾಳ್ಮೆ ನಮ್ಮಲ್ಲಿ ಮೊದಲಿಂದಲೂ ಇತ್ತು. ನಾವು ಎಡವಿದ್ದು ಬೇರೆ ಕಡೆ. ಮಾಡಿದ್ದನ್ನ ಕಾಪಾಡಿ ಇಟ್ಟುಕೊಳ್ಳೋದರಲ್ಲಿ.

ಕಥೆಯನ್ನ ವಿಶಾಖಪಟ್ಟಣದ ಒನ್ ಟೌನ್‌ನಿಂದ ಶುರು ಮಾಡೋಣ.

ಒನ್ ಟೌನ್‌ನ ಹುಡುಗ, ತಂಬೂರಿಯ ಕುದುರೆ

ಒನ್ ಟೌನ್ ಅಂದ್ರೆ ಆಂಧ್ರದ ಎರಡು ದೊಡ್ಡ ಊರುಗಳಲ್ಲಿ ಹಳೇ ಪೇಟೆಗೆ ಇರೋ ಹೆಸರು. ವಿಜಯವಾಡದಲ್ಲಿ ಇಂದ್ರಕೀಲಾದ್ರಿ ಬೆಟ್ಟದ ಬುಡದ ಹಳೇ ಊರು ಒನ್ ಟೌನ್. ವಿಶಾಖಪಟ್ಟಣದಲ್ಲಿ ಬಂದರಿನ ಹತ್ತಿರ, ಕುರುಪಾಂ ಮಾರ್ಕೆಟ್ ಇರುವ ಹಳೇ ಊರು ಒನ್ ಟೌನ್. ವಿಶಾಖಪಟ್ಟಣದ ಈ ಹಳೇ ಊರಲ್ಲಿ ಸೇಂಟ್ ಅಲೋಷಿಯಸ್ ಅಂತ ಒಂದು ಶಾಲೆ ಇದೆ. 1890ರ ದಶಕದಲ್ಲಿ ಅಲ್ಲಿ ಓದಿದ ಒಬ್ಬ ಹುಡುಗ ಹನ್ನೊಂದನೇ ವಯಸ್ಸಿಗೇ ಮೆಟ್ರಿಕ್ಯುಲೇಶನ್ ಮುಗಿಸಿದ. ಅವನ ತಂದೆ ಅದೇ ಊರಿನ ಎ.ವಿ.ಎನ್. ಕಾಲೇಜಿನಲ್ಲಿ ಪಾಠ ಮಾಡ್ತಿದ್ದರು, ಮನೆಯಲ್ಲಿ ಪಿಟೀಲು ನುಡಿಸ್ತಿದ್ದರು. ಹುಡುಗನ ಹೆಸರು ಚಂದ್ರಶೇಖರ ವೆಂಕಟ ರಾಮನ್.

ರಾಮನ್ ಅಂದ ಕೂಡಲೇ ನಮಗೆ ಬೆಳಕು ಮತ್ತು 1930ರ ನೊಬೆಲ್ ನೆನಪಾಗುತ್ತೆ. ಆದರೆ ಅದಕ್ಕೂ ಮೊದಲು ಕಲ್ಕತ್ತದಲ್ಲಿ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದು ನಾದದ ಮೇಲೆ. ಪಿಟೀಲು, ಮೃದಂಗ, ವೀಣೆ, ತಂಬೂರಿ ಎಲ್ಲವನ್ನೂ ಭೌತಶಾಸ್ತ್ರದ ಕಣ್ಣಲ್ಲಿ ನೋಡಿದರು. 1921ರಲ್ಲಿ ನಮ್ಮ ತಂತಿವಾದ್ಯಗಳ ಬಗ್ಗೆ ಒಂದು ಪುಟ್ಟ ಲೇಖನ ಬರೆದರು. ಅದರ ವಿಷಯ ಇಷ್ಟು. ತಂತಿಯನ್ನ ಒಂದು ಜಾಗದಲ್ಲಿ ಮೀಟಿದರೆ, ಆ ಜಾಗದಲ್ಲಿ ಅಲ್ಲಾಡದೆ ಇರಬೇಕಾದ ಉಪಸ್ವರಗಳು ಹುಟ್ಟಬಾರದು ಅನ್ನೋದು ಆಗಿನ ನಿಯಮ. ಉದಾಹರಣೆಗೆ ತಂತಿಯ ನಟ್ಟನಡುವೆ ಮೀಟಿದರೆ ಎರಡನೇ, ನಾಲ್ಕನೇ ಉಪಸ್ವರಗಳು ಕೇಳಿಸಕೂಡದು. ಆದರೆ ತಂಬೂರಿ, ವೀಣೆ ಈ ನಿಯಮಕ್ಕೆ ಬಗ್ಗೋದಿಲ್ಲ. ಬರಬಾರದ ಉಪಸ್ವರಗಳೂ ಜೋರಾಗಿ ಬರ್ತವೆ.

ಕಾರಣ ಕುದುರೆ, ಅಂದ್ರೆ ತಂತಿ ಹಾದುಹೋಗುವ ಆ ಅಗಲವಾದ ಪಟ್ಟಿ. ಅದರ ಮೇಲ್ಮೈ ನಯವಾಗಿ ಬಾಗಿರುತ್ತೆ. ತಂಬೂರಿಯಲ್ಲಿ ಅದರ ಮೇಲೆ, ತಂತಿಯ ಕೆಳಗೆ, ಒಂದು ಎಳೆ ನೂಲು ಬೇರೆ ಇಡ್ತಾರೆ. ಅದಕ್ಕೆ ಜೀವ ಅನ್ನೋ ಹೆಸರೇ ಇದೆ ನೋಡಿ. ತಂತಿ ಕಂಪಿಸುವಾಗ ಕುದುರೆಯನ್ನ ಮತ್ತೆ ಮತ್ತೆ ಸವರುತ್ತೆ. ಹಾಗಾಗಿ ಒಂದೇ ಮೀಟಿಗೆ ನಾದದ ಬಣ್ಣ ಬದಲಾಗ್ತಾ ಹೋಗುತ್ತೆ. ಒಂದು ಉಪಸ್ವರ ಮೇಲೆ ಬರುತ್ತೆ, ಇಳಿಯುತ್ತೆ, ಇನ್ನೊಂದು ಏಳುತ್ತೆ.

ಈ ವಿವರ ಯಾಕೆ ಹೇಳಿದೆ ಅಂದ್ರೆ, ಉದ್ದನೆಯ ಎಲೆಕ್ಟ್ರಾನಿಕ್ ಸಂಗೀತದ ಗುಟ್ಟು ಇಲ್ಲೇ ಇದೆ. ಶ್ರುತಿ ಬದಲಾಗಲ್ಲ, ಆದರೂ ಒಳಗೆ ಏನೋ ನಡೀತಾ ಇರುತ್ತೆ. ಅದಕ್ಕೇ ತಂಬೂರಿಯನ್ನ ಮೂರು ಗಂಟೆ ಕೇಳಿದರೂ ಕಿವಿ ದಣಿಯಲ್ಲ.

ಮೂರು ನಿಮಿಷದ ತಟ್ಟೆ

ಇನ್ನು ಉದ್ದದ ವಿಷಯಕ್ಕೆ ಬರೋಣ. 1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಅವರ ಹಾಡು ಗ್ರಾಮಫೋನ್ ತಟ್ಟೆಗೆ ಇಳಿಯಿತು. ಒಂದು ಬದಿಯಲ್ಲಿ ಹಿಡಿಸೋದು ಸುಮಾರು ಮೂರು ನಿಮಿಷ. ರಾತ್ರಿಯಿಡೀ ಹಾಡುವ ಪದ್ಧತಿ ಇದ್ದ ನೆಲದಲ್ಲಿ ಒಂದು ರಾಗವನ್ನ ಮೂರು ನಿಮಿಷಕ್ಕೆ ಕತ್ತರಿಸಿ ಕೊಡಬೇಕಾಯ್ತು.

ನಮ್ಮ ಉತ್ತರ ಕರ್ನಾಟಕದ ಉದಾಹರಣೆಯನ್ನೇ ತಗೊಳ್ಳಿ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರ ದನಿ ಇವತ್ತಿಗೂ ನಮಗೆ ಸಿಗೋದು ಆ ಪುಟ್ಟ ತಟ್ಟೆಗಳಲ್ಲಿ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ. ಸವಾಯಿ ಗಂಧರ್ವರ ಶಿಷ್ಯರು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಗದಗಿನ ಭೀಮಸೇನ ಜೋಶಿ. ಈ ಘರಾಣೆಯ ವಿಶೇಷವೇ ನಿಧಾನ. ಒಂದೊಂದೇ ಸ್ವರವನ್ನ ಬಿಡಿಸಿ, ಅದರಲ್ಲೇ ನಿಂತು, ಮುಂದಿನ ಸ್ವರಕ್ಕೆ ಹೋಗೋದು. ಇಂಥ ಸಂಗೀತ ಮೂರು ನಿಮಿಷದಲ್ಲಿ ಎಷ್ಟು ಬರೋಕೆ ಸಾಧ್ಯ?

ಅಂದ್ರೆ ಮೊದಲು ಬಂದ ಯಂತ್ರ ನಮ್ಮ ಸಂಗೀತದ ಉದ್ದವನ್ನ ಕತ್ತರಿಸಿತು. ಅದನ್ನ ವಾಪಸ್ ಕೊಟ್ಟಿದ್ದೂ ಯಂತ್ರವೇ. ಮಹಾಯುದ್ಧದ ನಂತರ ಮ್ಯಾಗ್ನೆಟಿಕ್ ಟೇಪು ಎಲ್ಲ ಕಡೆ ಹರಡಿತು. ಟೇಪಿಗೆ ಎರಡು ಗುಣ. ಉದ್ದಕ್ಕೆ ರೆಕಾರ್ಡ್ ಮಾಡಬಹುದು, ಮತ್ತೆ ಬ್ಲೇಡಿನಿಂದ ಕತ್ತರಿಸಿ ಬೇರೆ ಕ್ರಮದಲ್ಲಿ ಅಂಟಿಸಬಹುದು. 1950ರ ದಶಕದಲ್ಲಿ ಜರ್ಮನಿಯ ಕಲೋನ್ ರೇಡಿಯೊ ಸ್ಟುಡಿಯೊದಲ್ಲಿ ಸ್ಟಾಕ್‌ಹೌಸನ್ ಮೊದಲಾದವರು ಹಾಗೇ ಸಂಗೀತ ಕಟ್ಟಿದರು. 1956ರಲ್ಲಿ ಬಂದ ಅವರ ಒಂದು ಪ್ರಸಿದ್ಧ ಕೃತಿ ಸುಮಾರು ಹದಿಮೂರು ನಿಮಿಷದ್ದು. ಹತ್ತು ವರ್ಷ ಕಳೆಯೋದರೊಳಗೆ ಅವರು ಸುಮಾರು ಎರಡು ಗಂಟೆಯ ಕೃತಿಗೆ ಕೈ ಹಾಕಿದ್ದರು. 1967ರಲ್ಲಿ ಅಮೆರಿಕದ ಮಾರ್ಟನ್ ಸಬೋಟ್ನಿಕ್ ಎಲ್‌ಪಿ ತಟ್ಟೆಯ ಎರಡೂ ಬದಿಯನ್ನ ಅಳತೆಯಾಗಿಟ್ಟುಕೊಂಡು ಒಂದೇ ಎಲೆಕ್ಟ್ರಾನಿಕ್ ಕೃತಿ ರಚಿಸಿದರು.

ಹಾಗಾದರೆ ಅದೇ ಹೊತ್ತಲ್ಲಿ ನಮ್ಮಲ್ಲಿ ಏನಾಗ್ತಿತ್ತು?

ಅಹಮದಾಬಾದಿಗೆ ಬಂದ ಮೋಗ್

ನಮ್ಮ ಆಕಾಶವಾಣಿಯಲ್ಲಿ 1940ರಿಂದ ಹಾರ್ಮೋನಿಯಂಗೇ ನಿಷೇಧ ಇತ್ತು. ಅದರ ಸ್ವರಗಳು ಗಟ್ಟಿ ಕಂಬದ ಹಾಗೆ ನಿಂತಿರ್ತವೆ, ಗಮಕ, ಮೀಂಡ್ ಬರಲ್ಲ, ನಮ್ಮ ಶ್ರುತಿಗೆ ಹೊಂದಲ್ಲ ಅನ್ನೋದು ವಾದ. ಆ ನಿಷೇಧ ಸಡಿಲ ಆಗಿದ್ದು 1971ರಲ್ಲಿ. ಈಗ ಇದನ್ನ ಪಕ್ಕದಲ್ಲಿಟ್ಟು ನೋಡಿ. ರೇಡಿಯೊದಲ್ಲಿ ಹಾರ್ಮೋನಿಯಂ ಇನ್ನೂ ಬಾಗಿಲಾಚೆ ನಿಂತಿದ್ದಾಗಲೇ, 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಒಂದು ಮೋಗ್ ಸಿಂಥಸೈಜರ್ ಬಂದಿಳಿಯಿತು.

ಎನ್‌ಐಡಿ ಅಂತ ಕರೀತೀವಲ್ಲ, ಅದೇ ಸಂಸ್ಥೆ. 1961ರಲ್ಲಿ ಹುಟ್ಟಿದ್ದು. ಈಗ ಬೆಂಗಳೂರಿನ ತುಮಕೂರು ರಸ್ತೆ ಕಡೆಯೂ ಅದರ ಒಂದು ಕ್ಯಾಂಪಸ್ ಇದೆ. 2015ರಲ್ಲಿ ವಿಜಯವಾಡ ಮತ್ತು ಗುಂಟೂರಿನ ನಡುವೆ ನಾಗಾರ್ಜುನ ವಿಶ್ವವಿದ್ಯಾಲಯದ ಆವರಣದಲ್ಲಿ ಆಂಧ್ರಕ್ಕೂ ಒಂದು ಎನ್‌ಐಡಿ ಶುರುವಾಯ್ತು. ಆದರೆ ಅಹಮದಾಬಾದಿನ ಆ ಸ್ಟುಡಿಯೊದ ಕಥೆ ಇಲ್ಲಿ ಗೊತ್ತಿರೋರು ಕಡಿಮೆ.

ಆ ಕಥೆಯ ಬೇರು ನ್ಯೂಯಾರ್ಕಿನಲ್ಲಿದೆ. ಅಹಮದಾಬಾದಿನ ಸಾರಾಭಾಯಿ ಮನೆತನದ ಗೀತಾ ಸಾರಾಭಾಯಿ ಪಖಾವಜ್ ನುಡಿಸ್ತಿದ್ದರು. ವಿಜ್ಞಾನಿ ವಿಕ್ರಂ ಸಾರಾಭಾಯಿ ಅವರ ಸೋದರ. ಪಾಶ್ಚಾತ್ಯ ಸಂಗೀತ ನಮ್ಮ ಸಂಗೀತದ ಮೇಲೆ ಏನು ಮಾಡುತ್ತೋ ಅನ್ನೋ ಆತಂಕ ಅವರಿಗಿತ್ತು. ಅದನ್ನ ಕಲಿತೇ ತಿಳಿಯೋಣ ಅಂತ 1946ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಸಂಗೀತಕಾರ ಜಾನ್ ಕೇಜ್ ಪರಿಚಯ ಆಯ್ತು. ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಅವರು ಇವರಿಗೆ ಪಾಶ್ಚಾತ್ಯ ಸಂಗೀತ ಕಲಿಸೋದು, ಇವರು ಅವರಿಗೆ ಭಾರತೀಯ ಸಂಗೀತ ಹೇಳಿಕೊಡೋದು. ದುಡ್ಡಿನ ಮಾತಿಲ್ಲ. ಸಂಗೀತ ಯಾಕೆ ಅನ್ನೋ ಪ್ರಶ್ನೆಗೆ, ಮನಸ್ಸನ್ನ ಶಾಂತ ಮಾಡೋಕೆ ಅಂತ ತಮ್ಮ ಗುರು ಹೇಳಿದ್ದನ್ನ ಗೀತಾ ಕೇಜ್‌ಗೆ ತಿಳಿಸಿದರು. ಆ ಮಾತು ಕೇಜ್ ಜೀವನಪೂರ್ತಿ ನೆನಪಿಟ್ಟುಕೊಂಡರು. 1952ರಲ್ಲಿ ಕೇಜ್ ಒಂದು ಸ್ವರವನ್ನೂ ನುಡಿಸದ, ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡಿನ ಮೌನದ ಕೃತಿ ರಚಿಸಿದರಲ್ಲ, ಅದನ್ನ ಮೊದಲು ವೇದಿಕೆಯಲ್ಲಿ ಪಿಯಾನೊ ಮುಂದೆ ಕೂತು ಪ್ರಸ್ತುತಪಡಿಸಿದವರು ಡೇವಿಡ್ ಟ್ಯೂಡರ್.

ಅದೇ ಟ್ಯೂಡರ್ 1969ರಲ್ಲಿ ಅಹಮದಾಬಾದಿಗೆ ಬಂದು ಎಲೆಕ್ಟ್ರಾನಿಕ್ ಸ್ಟುಡಿಯೊ ಹೊಂದಿಸಿಕೊಟ್ಟರು. ಟ್ಯೂಡರ್ ಬಂದು ಹೋದ ಮೇಲೆ ಅಲ್ಲಿ ಕೂತು ಸಂಗೀತ ಕಟ್ಟಿದವರು ನಮ್ಮವರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಮತ್ತೆ ಆಗಿನ್ನೂ ವಾಸ್ತುಶಿಲ್ಪ ಓದ್ತಿದ್ದ ಜಿನರಾಜ್ ಜೋಶಿಪುರ.

ಒಂದು ಉದ್ದನೆಯ ತುಣುಕು ಹೇಗೆ ಹುಟ್ತಿತ್ತು?

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ. ಬೇಜಾರಾಗಬೇಡಿ, ಇದು ಗೊತ್ತಾಗದೆ ಅವರ ಶ್ರಮ ಅರ್ಥ ಆಗಲ್ಲ.

ಆಗಿನ ಮೋಗ್ ಅಂದ್ರೆ ಬೀರುವಿನಂಥ ಪೆಟ್ಟಿಗೆ. ಅದರಲ್ಲಿ ಸಾಲಾಗಿ ಬೇರೆ ಬೇರೆ ಭಾಗಗಳು. ಆಸಿಲೇಟರ್ ನಾದ ಹುಟ್ಟಿಸುತ್ತೆ. ಫಿಲ್ಟರ್ ಆ ನಾದದ ಉಪಸ್ವರಗಳನ್ನ ಸೋಸುತ್ತೆ. ಇನ್ನೊಂದು ಭಾಗ ಆ ನಾದ ಎಷ್ಟು ಬೇಗ ಏಳಬೇಕು, ಎಷ್ಟು ನಿಧಾನವಾಗಿ ಇಳಿಯಬೇಕು ಅಂತ ನೋಡಿಕೊಳ್ಳುತ್ತೆ. ಇವನ್ನೆಲ್ಲ ಹಳೇ ಟೆಲಿಫೋನ್ ಎಕ್ಸ್‌ಚೇಂಜಿನ ಹಾಗೆ ವೈರುಗಳಿಂದ ಒಂದಕ್ಕೊಂದು ಜೋಡಿಸಬೇಕು. ಎಲ್ಲವೂ ನಡೆಯೋದು ವೋಲ್ಟೇಜಿನ ಮೇಲೆ. ಒಂದು ವೋಲ್ಟ್ ಹೆಚ್ಚಾದರೆ ನಾದ ಒಂದು ಸ್ಥಾಯಿ ಮೇಲಕ್ಕೆ ಹೋಗುತ್ತೆ.

ಈಗ ಹಾರ್ಮೋನಿಯಂ ಜಗಳಕ್ಕೆ ವಾಪಸ್ ಬನ್ನಿ. ಹಾರ್ಮೋನಿಯಂನಲ್ಲಿ ಸ್ಥಾಯಿಗೆ ಹನ್ನೆರಡೇ ಮನೆ, ಮಧ್ಯೆ ಏನೂ ಇಲ್ಲ. ವೋಲ್ಟೇಜಿನಲ್ಲಿ ಆ ತಡೆ ಇಲ್ಲ. ಎರಡು ಸ್ವರದ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು, ಜಾರಬಹುದು. ಅಂದ್ರೆ ಗಮಕಕ್ಕೆ, ಸೂಕ್ಷ್ಮ ಶ್ರುತಿಗೆ ದಾರಿ ಇರೋ ಯಂತ್ರ ಅದು. ಜೊತೆಗೆ ಫಿಲ್ಟರನ್ನ ನಿಧಾನವಾಗಿ ತಿರುಗಿಸಿದರೆ ಉಪಸ್ವರಗಳು ಒಂದೊಂದಾಗಿ ಎದ್ದು ಇಳೀತವೆ. ರಾಮನ್ ತಂಬೂರಿಯ ಕುದುರೆಯಲ್ಲಿ ಗುರುತಿಸಿದ ಉಪಸ್ವರಗಳ ಆಟಕ್ಕೆ ಇದು ಬಹಳ ಹತ್ತಿರ. ಮಾಥುರ್ ಅವರ ಒಂದು ಕೃತಿಯ ಹೆಸರಲ್ಲೇ ತಾನ್‌ಪುರಾ ಇದೆ. ಅದು ಸುಮ್ಮನೆ ಬಂದ ಹೆಸರು ಅಂತ ನನಗೆ ಅನ್ನಿಸಲ್ಲ.

ಆದರೆ ತೊಂದರೆಗಳೂ ಇದ್ದವು. ಮೊದಲನೆಯದು, ಆ ಮೋಗ್‌ನ ಕೀಲಿಮಣೆಯಲ್ಲಿ ಒಂದು ಸಲಕ್ಕೆ ಒಂದೇ ಸ್ವರ ನುಡಿಸಬಹುದು. ನಾಲ್ಕು ಎಳೆ ಬೇಕಾದರೆ ನಾಲ್ಕು ಸಲ ನುಡಿಸಿ, ಟೇಪಿನಿಂದ ಟೇಪಿಗೆ ಒಂದರ ಮೇಲೊಂದು ಹಾಕಬೇಕು. ಪ್ರತಿ ಸಲ ಪ್ರತಿ ಮಾಡಿದಾಗಲೂ ಹಿಸ್ ಅನ್ನೋ ಸದ್ದು ಸ್ವಲ್ಪ ಹೆಚ್ಚುತ್ತೆ. ಎರಡನೆಯದು, ಯಂತ್ರಕ್ಕೆ ನೆನಪಿಲ್ಲ. ಇವತ್ತು ವೈರು ಜೋಡಿಸಿ ಒಂದು ಒಳ್ಳೆ ನಾದ ಸಿಕ್ಕಿತು, ನಾಳೆ ಬೇರೆಯವರು ಬಂದು ವೈರು ಕಿತ್ತರು, ಮುಗೀತು. ಕಾಗದದಲ್ಲಿ ಬರೆದಿಟ್ಟುಕೊಂಡರೂ ಕೋಣೆಯ ಬಿಸಿಗೆ ಆಸಿಲೇಟರಿನ ಶ್ರುತಿ ಜರುಗುತ್ತೆ. ಅಹಮದಾಬಾದಿನ ಬೇಸಿಗೆ ಗೊತ್ತಲ್ಲ?

ಮೂರನೆಯದು ಟೇಪಿನ ಲೆಕ್ಕ. ಸ್ಟುಡಿಯೊ ಟೇಪು ಸೆಕೆಂಡಿಗೆ 15 ಇಂಚು ಓಡುತ್ತೆ ಅಂತ ಇಟ್ಟುಕೊಳ್ಳಿ. ನಿಮಿಷಕ್ಕೆ 75 ಅಡಿ. ಇಪ್ಪತ್ತು ನಿಮಿಷದ ಕೃತಿಗೆ 1500 ಅಡಿ. ಅದರ ಮಧ್ಯೆ ಎರಡು ಸೆಕೆಂಡಿನ ತಪ್ಪು ತೆಗೀಬೇಕಾದರೆ 30 ಇಂಚು ಅಳೆದು, ಓರೆಯಾಗಿ ಕತ್ತರಿಸಿ, ಅಂಟಿಸಬೇಕು. ಇದು ದರ್ಜಿಯ ಕೆಲಸದ ಹಾಗೆ. ಕೈ ತಪ್ಪಿದರೆ ಬಟ್ಟೆ ಹಾಳು.

ಇಷ್ಟೆಲ್ಲ ಆದಮೇಲೆ ಉಳಿಯೋದು ಏನು? ವೈರಿನ ಜೋಡಣೆ ಉಳಿಯಲ್ಲ. ಸ್ವರಲಿಪಿ ಇಲ್ಲ. ಮತ್ತೊಮ್ಮೆ ಅದೇ ಹಾಗೆ ನುಡಿಸೋಕೆ ಆಗಲ್ಲ. ಉಳಿಯೋದು ಆ ಒಂದು ಟೇಪು ಮಾತ್ರ. ಟೇಪು ಹೋದರೆ ಕೃತಿಯೇ ಹೋಯ್ತು.

ಬೀರುವಿನಲ್ಲಿ ಮಲಗಿದ ಸಂಗೀತ

ಆ ಸ್ಟುಡಿಯೊ ನಡೆದದ್ದು ಕೆಲವೇ ವರ್ಷ. 1970ರ ದಶಕದ ಮೊದಲ ಭಾಗದಲ್ಲೇ ಅದರ ಕೆಲಸ ನಿಂತಿತು. ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ಉಳಿದವು, ಆದರೆ ಕೇಳೋರಿರಲಿಲ್ಲ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಅವುಗಳನ್ನ ಹುಡುಕಿ ತೆಗೆದರು. 2020ರಲ್ಲಿ ಬಿಬಿಸಿ ರೇಡಿಯೊದಲ್ಲಿ ಇದರ ಬಗ್ಗೆ ಕಾರ್ಯಕ್ರಮ ಬಂತು. 2023ರಲ್ಲಿ 1969ರಿಂದ 1972ರವರೆಗಿನ ಆಯ್ದ ಕೃತಿಗಳು ತಟ್ಟೆಯಾಗಿ ಹೊರಬಂದವು. ಜೋಶಿಪುರ ಅವರ 'ಸ್ಪೇಸ್ ಲೈನರ್ 2001' ಲೋಕಕ್ಕೆ ಕೇಳಿಸಿದ್ದು ಆಗ. 2001 ಅನ್ನೋದು ಆ ವಿದ್ಯಾರ್ಥಿಗೆ ದೂರದ ಭವಿಷ್ಯವಾಗಿತ್ತು. ನಾವು ಕೇಳೋ ಹೊತ್ತಿಗೆ ಅದು ಹಳೇ ಮಾತಾಗಿತ್ತು.

ಇದರಿಂದ ಆದ ನಷ್ಟ ಬರೀ ಒಂದಷ್ಟು ಟೇಪಿನದ್ದಲ್ಲ. ನಡುವಿನ ಐವತ್ತು ವರ್ಷ ನಮ್ಮ ಹುಡುಗರು ಈ ಸಂಗೀತವನ್ನ ಹೊರದೇಶದ್ದು ಅಂತಲೇ ಕಲಿತರು. ಯಾರಾದರೂ ಸಿಂಥಸೈಜರಿನಲ್ಲಿ ಆಲಾಪದಂಥದ್ದು ಕಟ್ಟಿದರೆ, ತಾನೇ ಮೊದಲು ಅಂದುಕೊಳ್ಳಬೇಕಿತ್ತು. ಗುರುವಿಲ್ಲ, ಹಿಂದಿನವರ ಕೃತಿ ಇಲ್ಲ, ಜಗಳ ಆಡೋಕೆ ಒಂದು ಪರಂಪರೆ ಇಲ್ಲ.

ಇನ್ನೊಂದು ಕಡೆ ನೋಡಿ. 1970ರಲ್ಲಿ ಪಂಡಿತ್ ಪ್ರಾಣನಾಥ್ ನ್ಯೂಯಾರ್ಕಿಗೆ ಹೋದರು. ಅವರೂ ಕಿರಾನಾ ಘರಾಣೆಯವರೇ, ಅಬ್ದುಲ್ ವಾಹಿದ್ ಖಾನರ ಶಿಷ್ಯ. ಅಂದ್ರೆ ಕುಂದಗೋಳ, ಹುಬ್ಬಳ್ಳಿಯ ನಮ್ಮವರ ಸಂಗೀತದ ದಾಯಾದಿ. ಅಲ್ಲಿ ಲಾ ಮಾಂಟೆ ಯಂಗ್, ಟೆರಿ ರೈಲಿ ಅವರ ಕಾಲಬುಡದಲ್ಲಿ ಕೂತು ಕಲಿತರು. ಯಂಗ್ ಅವರು ಎಲೆಕ್ಟ್ರಾನಿಕ್ ನಾದವನ್ನ ಒಂದು ಕೋಣೆಯಲ್ಲಿ ದಿನಗಟ್ಟಲೆ ನಿಲ್ಲಿಸದೆ ಹಿಡಿದಿಡುವ ಪ್ರಯೋಗ ಮಾಡಿದವರು. ಅಲ್ಲಿ ಆ ಕಲಿಕೆ ಉಳೀತು, ಬರಹವಾಯ್ತು, ಶಿಷ್ಯರಿಗೆ ಹೋಯ್ತು. ನಾವು ಯಾವುದನ್ನ ಹೊರಗಿನದು ಅಂದುಕೊಂಡ್ವೋ ಅದರೊಳಗೆ ನಮ್ಮದೇ ವಿಲಂಬಿತ ಲಯ ಕೂತಿತ್ತು.

ಬೆಂಗಳೂರಿನ ಪೆಟ್ಟಿಗೆ ಯಾಕೆ ಉಳೀತು?

ಹಾಗಂತ ನಮ್ಮಲ್ಲಿ ಎಲೆಕ್ಟ್ರಾನಿಕ್ ನಾದ ಸೋತಿತು ಅನ್ನೋ ಹಾಗಿಲ್ಲ. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದು ಇಲ್ಲೇ ನೆಲೆ ನಿಂತರು. ಅದೇ ಊರಲ್ಲಿ, 1970ರ ದಶಕದ ಕೊನೆಯಲ್ಲಿ, ಇಂಜಿನಿಯರ್ ಮತ್ತು ಕೊಳಲು ವಾದಕ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಅವರ ರಾಡೆಲ್ ಕಂಪನಿಯ ಪೆಟ್ಟಿಗೆ ನೀವು ನೋಡೇ ಇರ್ತೀರಿ. ಸಂಗೀತ ಪಾಠದ ಮನೆ, ರಾಮನವಮಿ ಪೆಂಡಾಲು, ಎಲ್ಲೆಲ್ಲೂ. ಸ್ವಿಚ್ ಹಾಕಿದರೆ ಪ-ಸ-ಸ-ಸ ಶುರು.

ಅಹಮದಾಬಾದಿನ ಮೋಗ್ ಒಳಗೆ ಇದ್ದದ್ದೂ ವಿದ್ಯುತ್ತಿನ ನಾದವೇ, ಬೆಂಗಳೂರಿನ ಪೆಟ್ಟಿಗೆಯೊಳಗೆ ಇದ್ದದ್ದೂ ಅದೇ. ಒಂದು ಬೀರು ಸೇರಿತು, ಇನ್ನೊಂದು ಮನೆಮನೆ ಸೇರಿತು. ಯಾಕೆ? ನನಗೆ ಕಾಣೋ ಕಾರಣ ಇದು. ತಂಬೂರಿ ಪೆಟ್ಟಿಗೆ ಇರುವ ಸಂಗೀತದ ಸೇವೆಗೆ ನಿಂತಿತು. ಹಾಡೋರು ಮುಂದೆ, ಅದು ಹಿಂದೆ. ಅದಕ್ಕೆ ಕೊಳ್ಳೋರಿದ್ದರು, ರಿಪೇರಿ ಮಾಡೋರಿದ್ದರು. ಮೋಗ್ ತಾನೇ ಮುಂದೆ ಕೂರ್ತೀನಿ ಅಂತು. ಮುಂದೆ ಕೂತವರಿಗೆ ಸಭೆ ಬೇಕು, ಕೇಳೋ ಕಿವಿ ಬೇಕು, ನಾಳೆಗೂ ನಡೆಸಿಕೊಂಡು ಹೋಗೋ ಸಂಸ್ಥೆ ಬೇಕು. ಅದು ಸಿಗಲಿಲ್ಲ.

ಮುಂಬೈಯಲ್ಲೂ ಇದೇ ಆಯ್ತು. 1982ರಲ್ಲಿ ಚರಣಜಿತ್ ಸಿಂಗ್ ರೋಲ್ಯಾಂಡ್ ಯಂತ್ರಗಳಲ್ಲಿ ಹತ್ತು ರಾಗಗಳನ್ನ ಡಿಸ್ಕೊ ತಾಳಕ್ಕೆ ಕೂರಿಸಿ ತಟ್ಟೆ ತಂದರು. ಆಗ ಯಾರೂ ಹೆಚ್ಚು ಗಮನಿಸಲಿಲ್ಲ. 2010ರಲ್ಲಿ ಮರುಮುದ್ರಣ ಆದಾಗ ಯುರೋಪಿನವರು ಬೆರಗಾದರು. ಅದು ಮಾರಾಟದ ತಟ್ಟೆಯಾಗಿದ್ದರಿಂದ ಒಂದೆರಡು ಪ್ರತಿ ಎಲ್ಲೋ ಉಳಿದಿದ್ದವು, ಬಚಾವಾಯ್ತು. ಅಹಮದಾಬಾದಿನ ಕೃತಿಗಳಿಗೆ ಆ ಭಾಗ್ಯವೂ ಇರಲಿಲ್ಲ.

ಈಗ ಕೂತು ಕಟ್ಟೋರಿಗೆ

ಇವತ್ತು ಒನ್ ಟೌನ್ ಆಗಲಿ, ಗಾಂಧಿಬಜಾರ್ ಆಗಲಿ, ಮನೆಯ ಕಂಪ್ಯೂಟರಿನಲ್ಲೇ ಇಂಥ ಸಂಗೀತ ಕಟ್ಟಬಹುದು. ಬೀರುವಿನಷ್ಟು ದೊಡ್ಡ ಯಂತ್ರ ಬೇಡ. ಉದ್ದಕ್ಕೆ ಮಿತಿಯೂ ಇಲ್ಲ. ಮಿತಿ ಇಲ್ಲದಿರೋದೇ ಈಗಿನ ಕಷ್ಟ. ಮೂರು ನಿಮಿಷಕ್ಕೆ ತಟ್ಟೆ ನಿಲ್ಲಿಸ್ತಿತ್ತು, ಅರ್ಧ ಗಂಟೆಗೆ ಟೇಪು ನಿಲ್ಲಿಸ್ತಿತ್ತು. ಈಗ ನಿಲ್ಲಿಸೋರು ನೀವೇ.

ಆಗ ಆಲಾಪ ಸಹಾಯಕ್ಕೆ ಬರುತ್ತೆ. ಆಲಾಪದಲ್ಲಿ ಎಲ್ಲವೂ ಒಟ್ಟಿಗೆ ಬದಲಾಗಲ್ಲ. ಆಧಾರ ಷಡ್ಜ ಅಲ್ಲೇ ಇರುತ್ತೆ, ಒಂದೇ ಒಂದು ಹೊಸ ಸ್ವರ ಬರುತ್ತೆ, ಅದು ಕಿವಿಯಲ್ಲಿ ಕೂರೋವರೆಗೆ ಇನ್ನೊಂದು ಬರಲ್ಲ. ಇಪ್ಪತ್ತೆಂಟು ನಿಮಿಷದ ಎಲೆಕ್ಟ್ರಾನಿಕ್ ಕೃತಿಗೂ ಇದೇ ಲೆಕ್ಕ ನಡೆಯುತ್ತೆ. ಶ್ರುತಿ ನಿಂತಿದ್ದರೆ ಬಣ್ಣ ಸರೀಲಿ, ಬಣ್ಣ ನಿಂತಿದ್ದರೆ ಶ್ರುತಿ ಸರೀಲಿ. ಕೇಳೋರಿಗೆ ಕಾಯೋದಕ್ಕೆ ಒಂದು ಕಾರಣ ಇರಬೇಕು ಅಷ್ಟೇ.

ಮತ್ತೆ, ದಯವಿಟ್ಟು ಇಟ್ಟುಕೊಳ್ಳಿ. ಅರ್ಧ ಗಂಟೆಯ ಸ್ಟೀರಿಯೊ ಕೃತಿ ಒಳ್ಳೆ ಗುಣಮಟ್ಟದಲ್ಲಿ ಸುಮಾರು 520 ಎಂಬಿ ಆಗುತ್ತೆ, ದೊಡ್ಡ ವಿಷಯ ಅಲ್ಲ. ಆದರೆ ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲನ್ನ ಮಾತ್ರ ನಂಬಬೇಡಿ. ಹತ್ತು ವರ್ಷ ಆದಮೇಲೆ ಆ ಸಾಫ್ಟ್‌ವೇರ್ ಇರುತ್ತೋ ಇಲ್ಲವೋ, ಪ್ಲಗ್‌ಇನ್ ತೆರೆಯುತ್ತೋ ಇಲ್ಲವೋ. ಪ್ರತಿ ಎಳೆಯನ್ನೂ ಬೇರೆ ಬೇರೆಯಾಗಿ ವೇವ್ ಫೈಲ್ ಮಾಡಿ ಎರಡು ಜಾಗದಲ್ಲಿಡಿ. ಯಾವ ದಿನ, ಯಾವ ರಾಗದ ನೆರಳು, ಯಾವ ಯಂತ್ರ, ಯಾಕೆ ಹೀಗೆ ಮಾಡಿದೆ ಅನ್ನೋದನ್ನ ಒಂದು ನೋಟ್‌ಬುಕ್‌ನಲ್ಲಿ ಕನ್ನಡದಲ್ಲೋ ತೆಲುಗಿನಲ್ಲೋ ಬರೆದಿಡಿ. ಮತ್ತೆ ಯಾರಿಗಾದರೂ ಕೇಳಿಸಿ. ನಾಲ್ಕೇ ಜನ ಆದರೂ ಸರಿ, ಒಂದು ಸಂಜೆ ಕೂರಿಸಿ ಪೂರ್ತಿ ಕೇಳಿಸಿ. ಅಹಮದಾಬಾದಿನ ಟೇಪು ಕೊನೆಗೂ ಸಿಕ್ಕಿತು, ಆದರೆ ಕೇಳಿದವರ ಒಂದು ಬಳಗ ಆಗಲೇ ಇದ್ದಿದ್ದರೆ ಅದನ್ನ ಹುಡುಕಬೇಕಾಗೇ ಇರ್ತಿರಲಿಲ್ಲ.

ಹಾರ್ಮೋನಿಯಂ ನಿಷೇಧದ ಬಗ್ಗೆ ಇಲ್ಲಿ ಎರಡೇ ಮಾತು ಹೇಳಿದೆ. ಅದು ತನಗೆ ತಾನೇ ದೊಡ್ಡ ಕಥೆ. ಮುಂದೆ ಒಂದು ಮಾತುಕತೆಯಲ್ಲಿ ಅದನ್ನ ಪೂರ್ತಿಯಾಗಿ ನೋಡೋಣ. ಅಲ್ಲಿಯವರೆಗೆ ನಮಸ್ಕಾರ.